ಕೇಟರ್‌ಹ್ಯಾಮೋ, ವೆಸ್ಟ್‌ಫೀಲ್ಡೋ? ಮೊದಲು ಸ್ಪ್ಯಾನರ್ ಹಿಡಿಯಿರಿ!



ಕಳೆದ ತಿಂಗಳು ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಕರೆ ಮಾಡಿದ್ದ. ಯೋಗಕ್ಷೇಮದ ಮಾತುಗಳೆಲ್ಲ ಮುಗಿದ ಮೇಲೆ, "ಸಾರ್, ನಿಮ್ಮಿಂದ ಒಂದು ಸಲಹೆ ಬೇಕಾಗಿತ್ತು. ಕೇಟರ್‌ಹ್ಯಾಮ್ ತೆಗೆದುಕೊಳ್ಳಲೋ, ವೆಸ್ಟ್‌ಫೀಲ್ಡ್ ತೆಗೆದುಕೊಳ್ಳಲೋ?" ಎಂದು ಕೇಳಿದ. ಇವು ಊರುಗಳ ಹೆಸರಿರಬೇಕೆಂದು ಭಾವಿಸಿ, "ಎಲ್ಲಿ ಮನೆ ಅಗ್ಗವೋ ಅಲ್ಲಿಯೇ ತೆಗೆದುಕೊಳ್ಳಪ್ಪ" ಎಂದುಬಿಟ್ಟೆ! ಆತ ಬಹಳ ಹೊತ್ತು ನಕ್ಕು, ಅನಂತರ ವಿವರಿಸಿದ. ಇವೆರಡೂ ಹಗುರವಾದ, ಇಬ್ಬರೇ ಕೂರಬಹುದಾದ, ಮೇಲ್ಛಾವಣಿಯಿಲ್ಲದ ಕಾರುಗಳನ್ನು ತಯಾರಿಸುವ ಸಂಸ್ಥೆಗಳಂತೆ. ಬೇಕೆಂದರೆ ಕಾರನ್ನು ಬಿಡಿಭಾಗಗಳಾಗಿ ಪೆಟ್ಟಿಗೆಗಳಲ್ಲಿ ತುಂಬಿ ಕಳುಹಿಸುತ್ತಾರಂತೆ; ಮನೆಯ ಗ್ಯಾರೇಜಿನಲ್ಲಿ ನಾವೇ ಜೋಡಿಸಿಕೊಳ್ಳಬೇಕಂತೆ. ಆತನ ಹದಿನೈದು ವರ್ಷದ ಮಗ ಇದಕ್ಕಾಗಿ ಹಠ ಹಿಡಿದಿದ್ದಾನೆ.

ಈ ವಿಷಯವನ್ನು ಅದೇ ದೇಶದಲ್ಲಿರುವ ನನ್ನ ಸೋದರಳಿಯನಿಗೆ ಹೇಳಿದೆ. ಆತ ತಕ್ಷಣ ತೀರ್ಪು ಕೊಟ್ಟ: "ಮಾವ, ಅಸಲಿ ಎಂದರೆ ಕೇಟರ್‌ಹ್ಯಾಮ್ ಒಂದೇ. ಮಿಕ್ಕದ್ದೆಲ್ಲ ನಕಲು. ಅದನ್ನೂ ಕಾರ್ಖಾನೆಯಲ್ಲಿ ಜೋಡಿಸಿದ್ದನ್ನೇ ಕೊಳ್ಳಲಿ. ಈ ವಯಸ್ಸಿನಲ್ಲಿ ಸುಮ್ಮನೆ ಕೈ ಏಕೆ ಹೊಲಸು ಮಾಡಿಕೊಳ್ಳಬೇಕು?"

ಈ ಕೊನೆಯ ಮಾತು ನನ್ನನ್ನು ಕೆರಳಿಸಿತು. ಒಂದು ತಿಂಗಳ ಕಾಲ ಈ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದಿದೆ. ಸ್ಕೂಟರಿನ ಆಚೆಗೆ ಯಾವ ವಾಹನವನ್ನೂ ನಡೆಸದ ಈ ಮುದುಕನಿಗೆ ಸ್ಪೋರ್ಟ್ಸ್ ಕಾರಿನ ಗೊಡವೆ ಏಕೆ ಎಂದು ಕೆಲವರು ನಗಬಹುದು. ನಗಲಿ. ಓದಿ ಮುಗಿಸಿದ ಮೇಲೆ ನನಗೆ ನಿಶ್ಚಯವಾಗಿರುವುದಿಷ್ಟು: ಸೋದರಳಿಯನ ವಾದ ಅಡಿಯಿಂದ ಮುಡಿಯವರೆಗೂ ತಪ್ಪು.

ಮೊದಲು ವಂಶವೃತ್ತಾಂತ. ಕಾಲಿನ್ ಚಾಪ್‌ಮನ್ ಎಂಬ ಎಂಜಿನಿಯರ್ ತನ್ನ ಲೋಟಸ್ ಸಂಸ್ಥೆಯಿಂದ 1957ರಲ್ಲಿ 'ಸೆವೆನ್' ಎಂಬ ಪುಟ್ಟ ಕಾರನ್ನು ಹೊರತಂದ. ಉಕ್ಕಿನ ಕೊಳವೆಗಳ ಹಂದರ, ಅದರ ಮೇಲೆ ಅಲ್ಯೂಮಿನಿಯಂ ತಗಡು, ಮುಂದೊಂದು ಎಂಜಿನ್, ಎರಡು ಆಸನ. ಅಷ್ಟೇ! ಅನಾವಶ್ಯಕವಾದದ್ದನ್ನೆಲ್ಲ ಕಿತ್ತೊಗೆದು ಭಾರವನ್ನು ಇಳಿಸುವುದೇ ಆತನ ಸಿದ್ಧಾಂತ. ಇದರ ಹಿಂದಿರುವುದು ನಾನು ಒಂಬತ್ತನೆಯ ತರಗತಿಯಲ್ಲಿ ನಿಮಗೆಲ್ಲ ಬೋಧಿಸಿದ ನ್ಯೂಟನ್ನನ ಎರಡನೆಯ ನಿಯಮವೇ. ಬಲ ಅಷ್ಟೇ ಇದ್ದು ದ್ರವ್ಯರಾಶಿ ಅರ್ಧವಾದರೆ ವೇಗೋತ್ಕರ್ಷ ಇಮ್ಮಡಿಯಾಗುತ್ತದೆ. ಕೇಟರ್‌ಹ್ಯಾಮ್ ಸಂಸ್ಥೆ 2021ರಲ್ಲಿ ಹೊರತಂದ '170' ಎಂಬ ಮಾದರಿಯನ್ನೇ ನೋಡಿ. ಅದರ ತೂಕ ಸುಮಾರು 440 ಕಿಲೋಗ್ರಾಂ. ನಮ್ಮ ಮಾರುತಿ 800 ಕಾರಿಗಿಂತಲೂ ಇನ್ನೂರು ಕಿಲೋ ಕಡಿಮೆ! ಅದರಲ್ಲಿದ್ದುದು ಸುಜುಕಿಯ 660 ಸಿ.ಸಿ.ಯ, ಮೂರು ಸಿಲಿಂಡರಿನ, ಟರ್ಬೊ ಜೋಡಿಸಿದ ಎಂಜಿನ್. ಶಕ್ತಿ 84 ಅಶ್ವಶಕ್ತಿ. ಟನ್ನಿಗೆ ಲೆಕ್ಕ ಹಾಕಿದರೆ ಸುಮಾರು 190 ಅಶ್ವಶಕ್ತಿಯಾಯಿತು. ಅದೇ ಎಂಜಿನ್ನನ್ನು 1200 ಕಿಲೋ ತೂಗುವ ಸಂಸಾರಸ್ಥರ ಕಾರಿಗೆ ಹಾಕಿದರೆ ಟನ್ನಿಗೆ ದೊರೆಯುವುದು 70 ಮಾತ್ರ. ಭಾರ ಕಡಿಮೆಯಾದರೆ ಓಟಕ್ಕಷ್ಟೇ ಅಲ್ಲ, ತಿರುವಿಗೂ ಬ್ರೇಕಿಗೂ ಅನುಕೂಲವೇ.

ಇನ್ನು ಬಿಡಿಭಾಗಗಳ ಕಥೆ. ಆಗಿನ ಬ್ರಿಟನ್ನಿನಲ್ಲಿ ಸಿದ್ಧಪಡಿಸಿದ ಕಾರಿನ ಮೇಲೆ ಖರೀದಿ ತೆರಿಗೆ ಇತ್ತು. ಬಿಡಿಭಾಗಗಳಾಗಿ ಕೊಂಡು ತಾನೇ ಜೋಡಿಸಿಕೊಂಡವನಿಗೆ ಆ ತೆರಿಗೆ ಇರಲಿಲ್ಲ. ಆದರೆ ಜೋಡಿಸುವ ಕ್ರಮವನ್ನು ಬರೆದು ಕೊಡುವಂತಿರಲಿಲ್ಲವಂತೆ. ಅದಕ್ಕಾಗಿ ಲೋಟಸ್‌ನವರು ಕಾರನ್ನು ಬಿಚ್ಚುವ ಕ್ರಮವನ್ನು ಬರೆದು ಕೊಟ್ಟು, ಕೊನೆಯಿಂದ ಮೊದಲಿಗೆ ಓದಿಕೊಳ್ಳಿ ಎಂದರೆಂಬ ಕಥೆ ಕಾರುಪ್ರೇಮಿಗಳಲ್ಲಿ ಪ್ರಸಿದ್ಧವಾಗಿದೆ. ರೇಖಾಗಣಿತದಲ್ಲಿ ಸಾಧಿಸಬೇಕಾದದ್ದರಿಂದ ಹಿಂದಕ್ಕೆ ನಡೆದು ದತ್ತಾಂಶವನ್ನು ತಲುಪುತ್ತಿದ್ದೆವಲ್ಲ, ಹಾಗೆಯೇ!

ಈಗ ಒಂದು ವಿಷಯವನ್ನು ಗಮನಿಸಿ. 1973ರಲ್ಲಿ ಆ ತೆರಿಗೆ ಹೋಗಿ ಮೌಲ್ಯವರ್ಧಿತ ತೆರಿಗೆ ಬಂದಿತು. ಬಿಡಿಭಾಗಗಳಿಗಿದ್ದ ವಿನಾಯಿತಿಯೂ ಅಲ್ಲಿಗೆ ಮುಗಿಯಿತು. ಲೋಟಸ್ ಸಂಸ್ಥೆ ಅದೇ ವರ್ಷ ಸೆವೆನ್‌ನ ಹಕ್ಕನ್ನು ತನ್ನ ಮಾರಾಟಗಾರ ಗ್ರಹಾಂ ನಿಯರ್ನ್ ಅವರಿಗೆ ಬಿಟ್ಟುಕೊಟ್ಟಿತು. ಅವರ ಅಂಗಡಿ ಇದ್ದದ್ದು ಸರ್ರೆ ಪ್ರಾಂತದ ಕೇಟರ್‌ಹ್ಯಾಮ್ ಪಟ್ಟಣದಲ್ಲಿ. (ಅಂತೂ ನನ್ನ ಊಹೆ ಪೂರ್ತಿ ಸುಳ್ಳಾಗಲಿಲ್ಲ!) ತೆರಿಗೆಯ ಲಾಭ ಹೋಗಿ ಅರ್ಧ ಶತಮಾನವೇ ಕಳೆದರೂ ಜನ ಈ ಕಾರನ್ನು ಕಟ್ಟುವುದನ್ನು ಬಿಟ್ಟಿಲ್ಲ. ಏಕೆ? ಹಣ ಉಳಿಸಲೆಂದೇ ಕಟ್ಟುತ್ತಿದ್ದರೆ 1973ರಲ್ಲಿಯೇ ನಿಲ್ಲಿಸಬೇಕಾಗಿತ್ತಲ್ಲವೆ? ಕಟ್ಟುವುದರಲ್ಲಿಯೇ ಏನೋ ಇದೆ. ನನ್ನ ಸೋದರಳಿಯ ಹೊಲಸು ಎನ್ನುವುದು ಅದನ್ನೇ.

ಅಸಲಿ ನಕಲಿಯ ವಾದಕ್ಕೆ ಬರೋಣ. ಕೇಟರ್‌ಹ್ಯಾಮ್‌ನವರ ಬಳಿ ದತ್ತುಪತ್ರವಿದೆ, ನಿಜ. ಆದರೆ ಲೋಟಸ್ ಕೈಬಿಡುವಾಗ ತಯಾರಿಸುತ್ತಿದ್ದುದು ನಾಲ್ಕನೆಯ ಶ್ರೇಣಿಯ ಸೆವೆನ್. ಕೇಟರ್‌ಹ್ಯಾಮ್‌ನವರು ಕೆಲಕಾಲ ಅದನ್ನು ತಯಾರಿಸಿ, 1974ರಲ್ಲಿ ಹಳೆಯ ಮೂರನೆಯ ಶ್ರೇಣಿಗೆ ಹಿಂದಿರುಗಿದರು. ಅಂದರೆ ವಾರಸುದಾರನೇ ತನಗೆ ಹಿಡಿಸಿದ ಪೂರ್ವಜನನ್ನು ಆರಿಸಿಕೊಂಡ! 1987ರಲ್ಲಿ ಕಾರ್ಖಾನೆ ಕೆಂಟ್ ಪ್ರಾಂತದ ಡಾರ್ಟ್‌ಫರ್ಡಿಗೆ ಹೋಯಿತು. 2011ರಲ್ಲಿ ಮಲೇಷ್ಯಾದ ಟೋನಿ ಫರ್ನಾಂಡಿಸ್ ಕೊಂಡರು. 2021ರಲ್ಲಿ ಜಪಾನಿನ ವಿ.ಟಿ. ಹೋಲ್ಡಿಂಗ್ಸ್ ಕೊಂಡಿತು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ "ಅಪ್ಪಟ ಬ್ರಿಟಿಷ್ ಪರಂಪರೆ" ಎಂದು ಎದೆ ತಟ್ಟಿಕೊಳ್ಳುವವರು ಕೊಂಚ ಮೆಲ್ಲಗೆ ತಟ್ಟಿಕೊಳ್ಳಲಿ.

ವೆಸ್ಟ್‌ಫೀಲ್ಡ್ 1980ರ ದಶಕದ ಆರಂಭದಲ್ಲಿ ಕ್ರಿಸ್ ಸ್ಮಿತ್ ಅವರು ಇಂಗ್ಲೆಂಡಿನ ನಡುನಾಡಿನಲ್ಲಿ ಕಟ್ಟಿದ ಸಂಸ್ಥೆ. ಅವರು ಸೆವೆನ್‌ನ ಪಡಿಯಚ್ಚನ್ನೇ ತಯಾರಿಸಲು ತೊಡಗಿದಾಗ ಕೇಟರ್‌ಹ್ಯಾಮ್‌ನವರು ದಾವೆ ಹೂಡಿದರು. ಆ ದಶಕದ ಕೊನೆಯಲ್ಲಿ ರಾಜಿಯಾಗಿ, ವೆಸ್ಟ್‌ಫೀಲ್ಡ್ ತನ್ನ ವಿನ್ಯಾಸವನ್ನು ಬದಲಿಸಿಕೊಂಡಿತು. ತಗಡಿನ ಬದಲಿಗೆ ಫೈಬರ್‌ಗ್ಲಾಸಿನ ಮೈ ಬಂದಿತು. ದಾಯಾದಿ ಜಗಳ ಅಲ್ಲಿಗೆ ತೀರಿತು. ದಾವೆ ಹೂಡಿದವರೇ ರಾಜಿಯಾಗಿರುವಾಗ, ಮೂರನೆಯವರಾದ ನಾವು ಇಂದಿಗೂ ನಕಲಿ ನಕಲಿ ಎಂದು ಕೂಗುವುದು ಬರಿಯ ಒಣಜಂಬ. ಕಾರಿನ ಮೂಗಿಗೆ ಅಂಟಿಸಿದ ಬಿಲ್ಲೆಯಿಂದ ಅದರ ತೂಕ ಒಂದು ಗ್ರಾಮೂ ಇಳಿಯುವುದಿಲ್ಲ!

ಹಾಗೆಂದು ಕೇಟರ್‌ಹ್ಯಾಮನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅವರ ಕಿಟ್ಟಿನಲ್ಲಿ ಹಂದರಕ್ಕೆ ತಗಡು ಹೊದಿಸಿಯೇ ಬರುತ್ತದೆ. ಭಾಗಗಳೆಲ್ಲ ಹೊಚ್ಚ ಹೊಸವು. ಜೋಡಣೆಯ ಕೈಪಿಡಿಯೂ ಜೊತೆಗಿರುತ್ತದೆ. ತಾಳ್ಮೆಯಿದ್ದವರು ನೂರು ಗಂಟೆಗಳ ಆಸುಪಾಸಿನಲ್ಲಿ ಮುಗಿಸಬಹುದಂತೆ. ಮರುಮಾರಾಟದಲ್ಲಿ ಒಳ್ಳೆಯ ಬೆಲೆ ಬರುತ್ತದೆ. ದಪ್ಪ ಮೈಯವರಿಗೆಂದು ಅಗಲವಾದ ಹಂದರವೂ ಉಂಟು. ಅದರೊಡನೆ ವೆಸ್ಟ್‌ಫೀಲ್ಡಿನ ಗುಣಗಳನ್ನೂ ಹೇಳಬೇಕು. ಫೈಬರ್‌ಗ್ಲಾಸಿಗೆ ಅಚ್ಚಿನಲ್ಲಿಯೇ ಬಣ್ಣ ಕೂಡಿರುತ್ತದೆ, ಸಣ್ಣ ಪೆಟ್ಟಿಗೆ ಅಲ್ಯೂಮಿನಿಯಂನಂತೆ ತಗ್ಗು ಬೀಳುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹಳೆಯ ಕಾರೊಂದನ್ನು ಬಿಚ್ಚಿ ಅದರ ಭಾಗಗಳನ್ನೇ ಬಳಸಿ ಕಟ್ಟುವ ಕಿಟ್ಟುಗಳನ್ನು ಅವರು ತಯಾರಿಸಿದರು. ಒಂದು ಕಾಲಕ್ಕೆ ಫೋರ್ಡ್ ಸಿಯೆರಾ ಕಾರಿನಿಂದ, ಅನಂತರ ಮಜ್ದಾ ಎಂ.ಎಕ್ಸ್-5 ಕಾರಿನಿಂದ.

ನನ್ನ ಒಲವು ವೆಸ್ಟ್‌ಫೀಲ್ಡಿನ ಕಡೆಗೆ ವಾಲುವುದು ಇಲ್ಲಿಯೇ. ಹೊಸ ಭಾಗಗಳ ಕಿಟ್ಟಿನಲ್ಲಿ ಹುಡುಗ ಜೋಡಿಸುವುದನ್ನು ಕಲಿಯುತ್ತಾನೆ. ಹಳೆಯ ಕಾರನ್ನು ಬಿಚ್ಚಿ ಕಟ್ಟುವವನಾದರೋ ಮೊದಲು ಸವೆತವನ್ನು ನೋಡುತ್ತಾನೆ. ತುಕ್ಕು ಹಿಡಿದ ಬೋಲ್ಟು ಏಕೆ ಮುರಿಯುತ್ತದೆ, ಬೇರಿಂಗು ಎಲ್ಲಿ ತಿನ್ನಲ್ಪಟ್ಟಿದೆ, ಹಿಂದಿನ ಯಜಮಾನ ಎಲ್ಲಿ ಉದಾಸೀನ ಮಾಡಿದ್ದಾನೆ ಎಂಬುದನ್ನೆಲ್ಲ ಕಣ್ಣಾರೆ ಕಾಣುತ್ತಾನೆ. ಬಿಚ್ಚುವುದೇ ಅರ್ಧ ವಿದ್ಯೆ.

ಈ ಮಾತಿಗೆ ಸಾಕ್ಷಿಯಾಗಿ ನಮ್ಮ ವೃತ್ತಿಬಾಂಧವರೊಬ್ಬರಿದ್ದಾರೆ. ಔಂಡಲ್ ಶಾಲೆಯ ಕಾರ್ಯಾಗಾರದಲ್ಲಿ ವಿದ್ಯಾರ್ಥಿಗಳೊಡನೆ ಕೆಲಸ ಮಾಡಿದ ರಾನ್ ಚಾಂಪಿಯನ್ ಎಂಬವರು 250 ಪೌಂಡಿನಷ್ಟು ಅಲ್ಪ ಹಣದಲ್ಲಿ ಸ್ಪೋರ್ಟ್ಸ್ ಕಾರು ಕಟ್ಟುವುದು ಹೇಗೆಂದು ಪುಸ್ತಕವನ್ನೇ ಬರೆದರು. 1996ರಲ್ಲಿ ಹೇನ್ಸ್ ಪ್ರಕಾಶನ ಅದನ್ನು ಹೊರತಂದಿತು. ಒಂದಂಗುಲದ ಚೌಕ ಉಕ್ಕಿನ ಕೊಳವೆಗಳನ್ನು ತುಂಡರಿಸಿ ಬೆಸೆದ ಹಂದರ, ಹಳೆಯ ಫೋರ್ಡ್ ಎಸ್ಕಾರ್ಟಿನ ಭಾಗಗಳು, ಹೆಸರು 'ಲೋಕಾಸ್ಟ್'. ಅದಕ್ಕೆಂದೇ ಪ್ರತ್ಯೇಕ ಪಂದ್ಯಮಾಲೆಯೂ ಹುಟ್ಟಿಕೊಂಡಿತು! ಓದುವಾಗ ನನಗಾದದ್ದು ಸಂತೋಷವೋ ಅಸೂಯೆಯೋ ಹೇಳಲಾರೆ.

ಏಕೆಂದರೆ ನಾನು ಮೂರು ದಶಕಗಳ ಕಾಲ ನಾಲ್ಕು ಹೊಡೆತಗಳ ಎಂಜಿನ್ನನ್ನು ಗೋಡೆಯ ಮೇಲಿನ ಪಟದಿಂದಲೇ ಬೋಧಿಸಿದೆ. ಒಂದು ಪಿಸ್ಟನ್ನನ್ನೂ ಮಕ್ಕಳ ಕೈಗೆ ಕೊಡಲಿಲ್ಲ. ಪ್ರಯೋಗಶಾಲೆಯ ಬೀರುವಿನ ಬೀಗದ ಕೈ ನನ್ನ ಜೇಬಿನಲ್ಲೇ ಇರುತ್ತಿತ್ತು. ಏನಾದರೂ ಒಡೆದರೆ ದಾಸ್ತಾನು ಪುಸ್ತಕದಲ್ಲಿ ಬರೆಯಬೇಕಾಗುತ್ತಿತ್ತಲ್ಲ! ಒಮ್ಮೆ ಹತ್ತನೆಯ ತರಗತಿಯ ಹುಡುಗನೊಬ್ಬ ಸೋದರಮಾವನ ಗ್ಯಾರೇಜಿನಿಂದ ಕೆಟ್ಟುಹೋದ ಕಾರ್ಬ್ಯುರೇಟರೊಂದನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲಿಟ್ಟ. "ಸಾರ್, ಇದರೊಳಗೆ ಗಾಳಿ ಪೆಟ್ರೋಲು ಹೇಗೆ ಸೇರುತ್ತೆ, ಬಿಚ್ಚಿ ತೋರಿಸ್ತೀರಾ?" ಎಂದ. ಹಾಜರಿ ಪುಸ್ತಕಕ್ಕೆ ಎಣ್ಣೆ ತಗುಲಿತ್ತು. ತಪಾಸಣೆಯ ವಾರ ಬೇರೆ. "ಗ್ಯಾರೇಜು ಇಟ್ಟುಕೊಳ್ಳುವ ಹಾಗಿದ್ದರೆ ಶಾಲೆಗೇಕೆ ಬಂದೆ?" ಎಂದು ಗದರಿ, ಆತನನ್ನು ಹೊರಗೆ ನಿಲ್ಲಿಸಿದೆ. ತರಗತಿಯವರೆಲ್ಲ ನಕ್ಕರು. ಆ ದಿನ ಬೋಧಿಸಿದ ಪಾಠ ಯಾವುದೆಂದು ಇಂದು ನೆನಪಿಲ್ಲ. ಆತ ಆ ಕಾರ್ಬ್ಯುರೇಟರನ್ನು ಮತ್ತೆ ಪತ್ರಿಕೆಯಲ್ಲಿ ಸುತ್ತಿಕೊಂಡದ್ದು ಮಾತ್ರ ನೆನಪಿದೆ.

ಕಳೆದ ತಿಂಗಳು ದೂರವಾಣಿ ಮಾಡಿದವನು ಆತನೇ. ಅದು ಆತನಿಗೆ ನೆನಪಿದೆಯೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಆದ್ದರಿಂದಲೇ "ಕೈ ಹೊಲಸು" ಎಂಬ ಮಾತು ನನಗೆ ಅಷ್ಟು ಚುಚ್ಚಿತು. ನನ್ನ ಬಾಯಿಂದಲೇ ಬಂದಿದ್ದ ಮಾತದು. ಕೈ ಕೆಸರಾದರೆ ಬಾಯಿ ಮೊಸರು ಎಂದು ಮಕ್ಕಳಿಂದ ವಿಸ್ತರಿಸಿ ಬರೆಸುತ್ತೇವೆ. ನಿಜವಾಗಿ ಕೆಸರಾದ ಕೈಯನ್ನು ಹೊರಗೆ ನಿಲ್ಲಿಸುತ್ತೇವೆ. ನಮ್ಮ ವಿದ್ಯಾವಂತ ಕುಟುಂಬಗಳಲ್ಲಿ ಮಕ್ಕಳು ಎಂಜಿನಿಯರ್ ಆಗಬೇಕು, ಆದರೆ ಎಂಜಿನ್ ಮುಟ್ಟಬಾರದು! ಇದೆಂತಹ ನ್ಯಾಯ?

ಸುರಕ್ಷತೆಯ ಆಕ್ಷೇಪಣೆಗೂ ಉತ್ತರ ಹೇಳಬೇಕು. ಇದು ನಿತ್ಯೋಪಯೋಗದ ವಾಹನವಲ್ಲ. ಏರ್‌ಬ್ಯಾಗ್ ಇಲ್ಲ, ಮಳೆಗೆ ತಡೆಯಿಲ್ಲ, ದೊಡ್ಡ ಲಾರಿಗಳ ನಡುವೆ ಕಣ್ಣಿಗೂ ಬೀಳದಷ್ಟು ಗಿಡ್ಡ. ಇದನ್ನು ಒಪ್ಪುತ್ತೇನೆ. ಆದರೆ ಮನೆಯಲ್ಲಿ ಕಟ್ಟಿದ ಕಾರು ಕಣ್ಣುಮುಚ್ಚಿ ರಸ್ತೆಗಿಳಿಯುತ್ತದೆ ಎಂಬುದು ಸುಳ್ಳು. 2009ರಿಂದ ಅಲ್ಲಿ ಇಂತಹ ಪ್ರತಿಯೊಂದು ವಾಹನಕ್ಕೂ ಪ್ರತ್ಯೇಕ ಅನುಮೋದನೆಯ ಪರೀಕ್ಷೆಯಿದೆ. ಬ್ರೇಕು, ಸ್ಟಿಯರಿಂಗ್, ದೀಪ, ಹೊಗೆ ಎಲ್ಲವನ್ನೂ ಪರೀಕ್ಷಿಸುತ್ತಾರೆ. ಹೊರಚಾಚಿದ ಅಂಚುಗಳು ಪಾದಚಾರಿಗೆ ತಗುಲಬಹುದಾದ ಕಡೆ 2.5 ಮಿಲಿಮೀಟರ್ ತ್ರಿಜ್ಯದಷ್ಟಾದರೂ ದುಂಡಗಿರಬೇಕು! ಬಿಡಿಭಾಗಗಳ ಮೂಲಕ್ಕೆ ದಾಖಲೆಯಿಲ್ಲದಿದ್ದರೆ ನೋಂದಣಿಯ ಫಲಕದಲ್ಲಿ 'ಕ್ಯೂ' ಅಕ್ಷರ ಬೀಳುತ್ತದೆ. ನಾನು ನಡೆಸಿದ ಯಾವ ಪ್ರಾಯೋಗಿಕ ಪರೀಕ್ಷೆಯೂ ಇಷ್ಟು ಪ್ರಾಮಾಣಿಕವಾಗಿರಲಿಲ್ಲ. ಸಿದ್ಧ ಕಾರು ಕೊಂಡವನಿಗೆ ತನ್ನ ಬ್ರೇಕಿನ ಕೊಳವೆ ಎಲ್ಲಿ ಹಾದುಹೋಗುತ್ತದೆಂದೇ ಗೊತ್ತಿರುವುದಿಲ್ಲ; ಕಟ್ಟಿದವನಿಗೆ ಪ್ರತಿಯೊಂದು ನಟ್ಟೂ ಗೊತ್ತು.

ಕೊನೆಯದಾಗಿ ನನ್ನ ತೀರ್ಪು. ಕಾರ್ಖಾನೆಯಲ್ಲಿ ಜೋಡಿಸಿದ್ದನ್ನೇ ಕೊಳ್ಳುವುದಾದರೆ, ಎರಡೂ ಬೇಡ. ಆ ಹಣವನ್ನು ಬ್ಯಾಂಕಿನಲ್ಲಿಡು. ಕಟ್ಟುವುದಾದರೆ, ವರ್ಷವಿಡೀ ಭಾನುವಾರಗಳನ್ನು ಕೊಡಲು ಸಾಧ್ಯವಾಗದಿದ್ದರೆ ಕೇಟರ್‌ಹ್ಯಾಮ್ ಕಿಟ್ ಆಗಬಹುದು. ಸಾಧ್ಯವಾದರೆ ಹಳೆಯ ಮಜ್ದಾ ಒಂದನ್ನು ಕೊಂಡು, ಬಿಚ್ಚಿ, ವೆಸ್ಟ್‌ಫೀಲ್ಡ್ ಕಟ್ಟು. ಒಂದು ಎಚ್ಚರಿಕೆ: ವೆಸ್ಟ್‌ಫೀಲ್ಡ್ ಸಂಸ್ಥೆ 2022ರಲ್ಲಿ ಆರ್ಥಿಕವಾಗಿ ಕುಸಿದು ಆಡಳಿತಾಧಿಕಾರಿಗಳ ಕೈಗೆ ಹೋಗಿತ್ತು, ಅನಂತರ ಚೆಸಿಲ್ ಎಂಬ ಮತ್ತೊಂದು ಕಿಟ್ ಸಂಸ್ಥೆಯ ಆಶ್ರಯದಲ್ಲಿ ಮುಂದುವರಿಯಿತು. ಆದ್ದರಿಂದ ಕಿಟ್ಟೂ ಬಿಡಿಭಾಗಗಳೂ ದೊರೆಯುವುದನ್ನು ಖಚಿತಪಡಿಸಿಕೊಳ್ಳದೆ ಮುಂಗಡ ಕೊಡಬೇಡ. ಯಾರೋ ಅರ್ಧ ಕಟ್ಟಿ ಬಿಟ್ಟದ್ದು ಸಿಕ್ಕರೂ ಚಿಂತೆಯಿಲ್ಲ, ದಾಖಲೆಗಳು ಸರಿಯಾಗಿದ್ದರಾಯಿತು. ಮಗನಿಗೆ ಹದಿನೇಳು ತುಂಬುವವರೆಗೆ ಅದನ್ನು ರಸ್ತೆಯಲ್ಲಿ ನಡೆಸಲಾಗದು ಎಂಬುದು ತೊಂದರೆಯೇ ಅಲ್ಲ. ಕಟ್ಟುವುದಕ್ಕೆ ಆ ಸಮಯ ಬೇಕೇ ಬೇಕು.

ಸೋದರಳಿಯನಿಗೆ ಕೋಪ ಬಂದರೆ ಬರಲಿ, ಉತ್ತರ ಬರೆಯಲಿ. ನಿನಗೆ ಮಾತ್ರ ಒಂದು ಮಾತು ಕಣಪ್ಪ. ಮೊದಲು ಎಂಜಿನ್ ಬಿಚ್ಚುವ ದಿನ ಮಗನ ಪಕ್ಕದಲ್ಲಿ ನಿಂತು ನನಗೊಂದು ಕರೆ ಮಾಡು. ನೋಡಬೇಕೆಂದಿದೆ. ಅಂದು ಬಿಚ್ಚಿ ತೋರಿಸಲಿಲ್ಲ. ಇಂದು ನೀವಿಬ್ಬರೂ ಬಿಚ್ಚಿ ನನಗೆ ತೋರಿಸಿ.

ಶುಭವಾಗಲಿ.