ಪರದೆಯ ಮುಂದಿನ ಕಸರತ್ತಿಗೆ ಆಯುಷ್ಯ ಎಷ್ಟು?

ವ್ಯಾಯಾಮವನ್ನು ಆರಂಭಿಸುವುದು ಕಷ್ಟವಲ್ಲ. ಮೂರನೆಯ ತಿಂಗಳಲ್ಲೂ ಅದನ್ನು ಉಳಿಸಿಕೊಳ್ಳುವುದು ಕಷ್ಟ. ಬಟ್ಟೆ ಒಣಹಾಕುವ ಗಳುವಾಗಿ ಪರಿಣಮಿಸಿದ ಟ್ರೆಡ್‌ಮಿಲ್‌ಗಳನ್ನು ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ನಾನು ಸಾಕಷ್ಟು ಕಂಡಿದ್ದೇನೆ. ಕಸರತ್ತಿಗೆ ಆಟದ ರೂಪ ಕೊಟ್ಟರೆ ಈ ಬೇಸರ ನೀಗೀತೆ?

ಜಪಾನಿನ ನಿಂಟೆಂಡೊ ಕಂಪನಿ 2007ರಲ್ಲಿ ‘ವೀ ಫಿಟ್’ ಹೊರತಂದಾಗ ಹಾಗೆ ನಂಬಿದವರು ಬಹಳ. ಹಲಗೆಯ ಮೇಲೆ ನಿಂತರೆ ತೂಕ, ಸಮತೋಲನಗಳನ್ನು ಅಳೆದು, ಟಿ.ವಿ. ಪರದೆಯ ಮೂಲಕ ಯೋಗಾಸನವನ್ನೂ ಮಾಡಿಸುವ ಈ ಆಟದ 2 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದವು. ಆದರೆ ಮಾರಾಟ ಬೇರೆ, ಬಳಕೆ ಬೇರೆ. ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಸಂಶೋಧಕರು 8 ಕುಟುಂಬಗಳಿಗೆ ಇದನ್ನು ಮೂರು ತಿಂಗಳ ಮಟ್ಟಿಗೆ ಕೊಟ್ಟು ನೋಡಿದರು. ಮೊದಲ ಆರು ವಾರ ಮನೆಯೊಂದರಲ್ಲಿ ದಿನಕ್ಕೆ 22 ನಿಮಿಷವಿದ್ದ ಬಳಕೆ ಮುಂದಿನ ಆರು ವಾರಗಳಲ್ಲಿ 4 ನಿಮಿಷಕ್ಕಿಳಿಯಿತು. ಎಂಟು ಕುಟುಂಬಗಳ ಲೆಕ್ಕ ಚಿಕ್ಕದು, ನಿಜ. ಆದರೆ 2012ರಲ್ಲಿ ಪ್ರಕಟವಾದ ಹ್ಯೂಸ್ಟನ್ನಿನ ಅಧ್ಯಯನದಲ್ಲಿಯೂ, ಮೈ ಕುಣಿಸುವ ಆಟ ಪಡೆದ ಮಕ್ಕಳ ಚಟುವಟಿಕೆ ಕುಳಿತಾಡುವ ಆಟ ಪಡೆದವರಿಗಿಂತ ಹೆಚ್ಚಲಿಲ್ಲ. 2010ರಲ್ಲಿ ದಾಖಲೆಯ ವೇಗದಲ್ಲಿ ಮಾರಾಟವಾದ ಮೈಕ್ರೋಸಾಫ್ಟ್‌ನ ‘ಕಿನೆಕ್ಟ್’ ತಯಾರಿಕೆ 2017ರಲ್ಲಿ ನಿಂತುಹೋಯಿತು.

ಹಾಗೆಂದು ಇವು ನಿರುಪಯುಕ್ತವೆನ್ನಲಾಗದು. 2020ರ ಲಾಕ್‌ಡೌನ್‌ನಲ್ಲಿ ಹೊಸ್ತಿಲು ದಾಟುವಂತಿಲ್ಲದಾಗ, ಹಿಂದಿನ ವರ್ಷ ಬಂದಿದ್ದ ‘ರಿಂಗ್ ಫಿಟ್’ ಆಟಕ್ಕೆ ಹಲವು ದೇಶಗಳಲ್ಲಿ ಅಭಾವವೇ ಉಂಟಾಯಿತು. ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ಇಂಥ ಸ್ಥಿತಿ ವರ್ಷವಿಡೀ ಇರುತ್ತದೆ. ನಸುಕಿನಲ್ಲಿ ಉಣಕಲ್ ಕೆರೆಗೋ ಕರ್ನಾಟಕ ವಿಶ್ವವಿದ್ಯಾಲಯದ ಆವರಣಕ್ಕೋ ಒಬ್ಬರೇ ನಡೆಯಲು ಹೊರಡುವುದು ಗಂಡಸರಿಗೆ ಸಲೀಸು. ಅಡುಗೆ, ಮಕ್ಕಳ ಡಬ್ಬಿ, ಕತ್ತಲ ಬೀದಿ, ಧೂಳು ಇವೆಲ್ಲವನ್ನು ದಾಟಬೇಕಾದವರಿಗೆ ಅಲ್ಲ. 2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆ ಪ್ರಕಟಿಸಿದ ಅಂದಾಜಿನಂತೆ ಭಾರತದ ವಯಸ್ಕರಲ್ಲಿ ಅರ್ಧದಷ್ಟು ಮಂದಿಗೆ, ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆಯಿಲ್ಲ. ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು ಐಸಿಎಂಆರ್‌ನ ಅಧ್ಯಯನ 2023ರಲ್ಲಿ ಹೇಳಿತು. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ 150 ನಿಮಿಷ. ದಿನಕ್ಕೆ 4 ನಿಮಿಷದಿಂದ ಅದು ತುಂಬದು.

ಹಾಗಾದರೆ ಅಭ್ಯಾಸವನ್ನು ಉಳಿಸುವುದು ಯಾವುದು? ಉತ್ತರ ನಮ್ಮ ಗರಡಿಮನೆಗಳಲ್ಲಿದೆ. ಅಲ್ಲಿದ್ದದ್ದು ಮಟ್ಟಿ, ಗದೆ, ಲೋಡುಗಳಷ್ಟೆ. ಆದರೆ ಎರಡು ದಿನ ತಪ್ಪಿದರೆ ‘ಯಾಕ ಬರಲಿಲ್ಲೋ?’ ಎಂದು ಕೇಳುವ ವಸ್ತಾದರಿದ್ದರು, ಕಾಯುವ ಜೊತೆಗಾರರಿದ್ದರು. ಪರದೆಯ ಗೊಂಬೆಯೂ ಗೈರುಹಾಜರಿ ಲೆಕ್ಕವಿಡುತ್ತದೆ; ಆದರೆ ಅದರೆದುರು ನಾಚುವವರಾರು? ಗುಂಡಿ ಒತ್ತಿದರೆ ಅದರ ಬಾಯಿ ಬಂದ್.

ಮನೆಯಲ್ಲಿ ಇಂಥ ಆಟವಿದ್ದರೆ ಆಡಲಿ. ನಿಗದಿತ ಹೊತ್ತಿನಲ್ಲಿ, ಅತ್ತೆ-ಸೊಸೆಯೋ ನೆರೆಹೊರೆಯವರೋ ಜೊತೆಗೂಡಿ ಆಡಲಿ. ಆದರೆ ಸಾರ್ವಜನಿಕ ಆರೋಗ್ಯದ ಹೊಣೆಯನ್ನು ಪರದೆಗೆ ವಹಿಸಿ ಮಹಾನಗರ ಪಾಲಿಕೆ ಕೈತೊಳೆದುಕೊಳ್ಳುವಂತಿಲ್ಲ. ಶಾಲಾ ಮೈದಾನಗಳ ಗೇಟು ಬೆಳಿಗ್ಗೆ-ಸಂಜೆ ಎರಡು ತಾಸು ತೆರೆಯಲಿ, ದೀಪ ಉರಿಯಲಿ, ಮಹಿಳೆಯರಿಗೆ ಪ್ರತ್ಯೇಕ ವೇಳೆ ಮೀಸಲಾಗಲಿ. ಇದಕ್ಕೆ ಬೇಕಾದದ್ದು ಹೊಸ ತಂತ್ರಜ್ಞಾನವಲ್ಲ, ಒಂದು ಬೀಗದ ಕೈ ಮತ್ತು ಅದನ್ನು ವೇಳೆಗೆ ಸರಿಯಾಗಿ ತಿರುಗಿಸುವ ಇಚ್ಛೆ.