ಪ್ರಗತಿಯ ಅಳತೆಗೋಲು

ಒಂದು ದೇಶವು ಎಷ್ಟು ಪ್ರಗತಿಪರವೆಂದು ನಿರ್ಣಯಿಸುವಾಗ ಅದು ರಚಿಸಿದ ಕಾನೂನುಗಳನ್ನೂ ಸಾರಿದ ಘೋಷಣೆಗಳನ್ನೂ ಎಣಿಸುವುದು ವಾಡಿಕೆ. ಈ ಎಣಿಕೆಯಿಂದ ತಿಳಿಯುವುದು ಸರ್ಕಾರದ ಕಂಠ ಎಷ್ಟು ಗಟ್ಟಿಯೆಂಬುದು ಮಾತ್ರ. ಆ ಧ್ವನಿ ಯಾರ ಹೊರೆಯನ್ನು ಇಳಿಸಿತು, ಯಾರ ತಲೆಯ ಮೇಲೆ ಹೊರಿಸಿತು ಎಂಬುದೇ ನಿಜವಾದ ಅಳತೆ. ಕುಟುಂಬ ಯೋಜನೆಯ ಇತಿಹಾಸವೇ ಇದಕ್ಕೆ ನಿದರ್ಶನ.

ಈ ಕ್ಷೇತ್ರದಲ್ಲಿ ಕನ್ನಡಿಗರು ಹೆಮ್ಮೆಪಡಲು ಕಾರಣವುಂಟು. 1930ರಷ್ಟು ಹಿಂದೆಯೇ ಮೈಸೂರು ಸಂಸ್ಥಾನವು ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರಗಳನ್ನು ತೆರೆಯಲು ಆಜ್ಞೆ ಹೊರಡಿಸಿತು. 1952ರಲ್ಲಿ ಭಾರತವು ರಾಷ್ಟ್ರಮಟ್ಟದ ಕುಟುಂಬ ಯೋಜನೆಯನ್ನು ಆರಂಭಿಸಿ ಜಗತ್ತಿಗೇ ಮೊದಲಿಗನಾಯಿತು. ಮುಂದೆ ಕೆಂಪು ತ್ರಿಕೋನವು ಗೋಡೆಗೋಡೆಯನ್ನೂ ಏರಿತು. ಅಬಿಡ್ಸಿನ ಪ್ರಧಾನ ಅಂಚೆ ಕಚೇರಿಯಿರಲಿ, ಹಳ್ಳಿಯ ಅಂಚೆಮನೆಯಿರಲಿ, ಐದು ಪೈಸೆಯ ಅಂಚೆಚೀಟಿಯೂ ಈ ಸಂದೇಶವನ್ನು ಹೊತ್ತು ಮನೆಮನೆಗೆ ಹೋಯಿತು. ಸಂಕೇತಗಳಿಗೆ ಕೊರತೆಯೇ ಇರಲಿಲ್ಲ.

ಆದರೆ ಧ್ವನಿ ಅತ್ಯಂತ ಗಟ್ಟಿಯಾದಾಗಲೇ ಅನರ್ಥವೂ ಆಯಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಅವುಗಳಲ್ಲಿ ಬಹುಪಾಲು ಪುರುಷರದು. ಒತ್ತಾಯದಿಂದ ಹುಟ್ಟಿದ ಭಯವು ಒತ್ತಾಯ ನಿಂತ ಮೇಲೂ ಉಳಿಯಿತು. ಪುರುಷರು ಹಿಂದೆ ಸರಿದರು. ಹೊರೆಯು ಸ್ತ್ರೀಯರ ಪಾಲಾಯಿತು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು 15ರಿಂದ 49 ವರ್ಷದ ವಿವಾಹಿತ ಸ್ತ್ರೀಯರನ್ನು ವಿಚಾರಿಸಿತು. ಅವರಲ್ಲಿ ಶೇಕಡಾ 37.9 ಮಂದಿ ತಾವೇ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದರು. ಪತಿಯು ಒಳಗಾಗಿದ್ದ ಪ್ರಮಾಣ ಕೇವಲ 0.3. ಕರ್ನಾಟಕದಲ್ಲಿಯೂ ತೆಲಂಗಾಣದಲ್ಲಿಯೂ ಸ್ತ್ರೀಯರ ಪಾಲು ಅರ್ಧವನ್ನೇ ಮೀರಿತ್ತು. ‘ನಾವಿಬ್ಬರು, ನಮಗಿಬ್ಬರು’ ಎಂಬ ಘೋಷಣೆಯಲ್ಲಿ ಇಬ್ಬರಿದ್ದರು. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿದವಳು ಒಬ್ಬಳೇ.

ಇದು ಭಾರತವೊಂದರ ಕಥೆಯಲ್ಲ. ಸ್ವೀಡನ್ 1974ರಲ್ಲಿಯೇ ಶಿಶುಪಾಲನೆಯ ರಜೆಯನ್ನು ತಂದೆಗೂ ತೆರೆಯಿತು; ಅದನ್ನು ಬಳಸಿಕೊಂಡ ತಂದೆಯರು ಕಡಮೆ. ಕಾನೂನಿದೆಯೆಂದು ಆ ದೇಶ ಸುಮ್ಮನೆ ಕೂರಲಿಲ್ಲ. 1995ರಲ್ಲಿ ಒಂದು ತಿಂಗಳನ್ನು ತಂದೆಗೆಂದೇ ಮೀಸಲಿಟ್ಟಿತು. ಫಲವನ್ನು ಅಳೆದು ನೀತಿಯನ್ನು ತಿದ್ದುವ ವಿಧಾನ ಇದು.

ಭಾರತದಲ್ಲಿ ತಿದ್ದುಪಡಿಯು ಮನೆಯಿಂದಲೂ ಆರಂಭವಾಗಬಹುದು. ಪುರುಷರ ಶಸ್ತ್ರಚಿಕಿತ್ಸೆಗೆ ಉದರವನ್ನು ಕೊಯ್ಯಬೇಕಿಲ್ಲ. ಸ್ಥಳೀಯ ಅರಿವಳಿಕೆಯಲ್ಲಿ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಸ್ತ್ರೀಯರ ಶಸ್ತ್ರಚಿಕಿತ್ಸೆಗಿಂತ ಸರಳ, ಅಪಾಯವೂ ಕಡಮೆ. ಪುರುಷತ್ವವಾಗಲಿ ದುಡಿಯುವ ಶಕ್ತಿಯಾಗಲಿ ಕುಂದುವುದಿಲ್ಲ. ಫಲ ಮಾತ್ರ ಕೂಡಲೇ ದೊರೆಯದು; ಸುಮಾರು ಮೂರು ತಿಂಗಳು ಬೇರೆ ನಿರೋಧಕವನ್ನು ಬಳಸಿ, ವೀರ್ಯಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ಇನ್ನು ಮಕ್ಕಳು ಬೇಡವೆಂದು ದಂಪತಿಗಳು ದೃಢವಾಗಿ ನಿಶ್ಚಯಿಸಿದಾಗ ಮಾತ್ರ ಇದು ತಕ್ಕ ಮಾರ್ಗ.

ಇದನ್ನು ಯಾರ ಮೇಲೂ ಹೇರಲಾಗದು. ಹೇರಿದುದರ ಫಲವನ್ನು ದೇಶ ಉಂಡಿದೆ. ಆದರೆ ವೈದ್ಯರ ಮುಂದೆ ಪತಿಪತ್ನಿಯರಿಬ್ಬರೂ ಕುಳಿತು, ಎರಡು ದಾರಿಗಳನ್ನೂ ಕೇಳಿ ತಿಳಿದು, ಕೂಡಿ ನಿರ್ಧರಿಸುವುದು ಸಾಧ್ಯ. ಅಂಥ ಮನೆಗಳು ಎಷ್ಟಿವೆಯೆಂಬ ಲೆಕ್ಕವೇ ದೇಶದ ಪ್ರಗತಿಗೆ ಸರಿಯಾದ ಅಳತೆಗೋಲು.