ಒಂದು ಅಗುಳಿನಿಂದ ಕಾಲನಿರ್ಣಯ

ಮನೆಯ ಛಾಯಾಚಿತ್ರಗಳನ್ನು ಗಣಕಯಂತ್ರದಲ್ಲಿ ತುಂಬಿಡುವ ಗೃಹಸ್ಥರು ಈಗ ಎಲ್ಲೆಲ್ಲಿಯೂ ಉಂಟು. ಅವುಗಳ ತಾರೀಕು ಸರಿಯಾಗಿದೆಯೇ ಎಂದು ನೋಡುವವರು ವಿರಳ. ಈ ವಿಷಯದಲ್ಲಿ ನಮಗಾದ ಅನುಭವವನ್ನು ವಾಚಕರಲ್ಲಿ ಅರಿಕೆಮಾಡುತ್ತೇವೆ.

ಶಂಕರಪುರದಲ್ಲಿದ್ದ ನಮ್ಮ ಅಕ್ಕನು ಮಲ್ಲಿಗೆಯ ಕೃಷಿಯಿಂದಲೇ ಮಗನನ್ನು ಓದಿಸಿದವಳು. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ; ಈ ಲೆಕ್ಕವು ಅವಳ ಬೆರಳತುದಿಯಲ್ಲಿತ್ತು. 2010ರ ಮಳೆಗಾಲದಲ್ಲಿ ಅವಳು ತೀರಿಕೊಂಡಳು. ದುಬಾಯಿಯಲ್ಲಿರುವ ಮಗನು ಊರಿಗೆ ಬಂದಾಗಲೆಲ್ಲ, “ಮಾವ, ಕಡೆಯ ಸಲ ಅಮ್ಮನ ಬಳಿ ಒಂದು ಗಳಿಗೆಯೂ ಕೂರಲಿಲ್ಲ, ಪರ್ಯಾಯ ನೋಡಿ ಹೊರಟುಹೋದೆ” ಎಂದು ಹಲುಬುತ್ತಿದ್ದನು. ತಾಯಿಮಗ ಇಬ್ಬರೂ ಜಗಲಿಯಲ್ಲಿ ಕುಳಿತು ಬಾಳೆನಾರಿನಿಂದ ಹೂ ಕಟ್ಟುವ ಪಟವೊಂದಿತ್ತು. ಅದು 2008ರ ಪರ್ಯಾಯದ ಕಾಲದ್ದೆಂದು ಅವನ ನಂಬಿಕೆ. ಪಟದ ಫೈಲಿನೊಳಗಿನ ತಾರೀಕಾದರೋ 2000ನೆಯ ಇಸವಿ ಜನವರಿ 2, ರಾತ್ರಿ 3 ಗಂಟೆ 50 ನಿಮಿಷ, ಪಟದಲ್ಲಿ ಎಳೆಬಿಸಿಲು!

ಬ್ಯಾಟರಿ ಬರಿದಾದರೆ ಕೆಲವು ಕ್ಯಾಮೆರಾಗಳ ಗಡಿಯಾರವು ಮೊದಲಿನ ದಿನಕ್ಕೆ ಹಿಂತಿರುಗಿ ಅಲ್ಲಿಂದ ನಡೆಯತೊಡಗುತ್ತದೆ. ಆದರೆ ಆ ಬಳಿಕ ಅದು ಕ್ರಮವಾಗಿಯೇ ನಡೆಯುವುದರಿಂದ ಪಟಗಳೆಲ್ಲದರ ತಪ್ಪೂ ಒಂದೇ ಪ್ರಮಾಣದ್ದು. ಒಂದು ಅಗುಳನ್ನು ಹಿಸುಕಿ ಇಡೀ ಪಾತ್ರೆಯ ಅನ್ನವನ್ನು ತಿಳಿಯುವ ಸ್ಥಾಲೀಪುಲಾಕ ನ್ಯಾಯವು ಇಲ್ಲಿ ಸಲ್ಲುತ್ತದೆ.

ನಮ್ಮ ಅಗುಳು ಯಾವುದು? ಉಡುಪಿಯ ಪರ್ಯಾಯದ ಮೆರವಣಿಗೆ. ಕ್ಯಾಮೆರಾದಲ್ಲಿ ಅದರ ಪಟಕ್ಕೆ 2000ದ ಜನವರಿ 1, 0 ಗಂಟೆ 25 ನಿಮಿಷವೆಂದಿತ್ತು. ಅದೇ ಕ್ಷಣವನ್ನು ಬಂಧುವೊಬ್ಬರ ಮೊಬೈಲು 2010ರ ಜನವರಿ 18, ಬೆಳಗಿನ ಜಾವ 4 ಗಂಟೆ 10 ನಿಮಿಷವೆಂದು ಬರೆದುಕೊಂಡಿತ್ತು. ನಡುವಣ ಮೂರು ಅಧಿಕವರ್ಷಗಳನ್ನು ಸೇರಿಸಿದರೆ ಅಂತರವು 3670 ದಿನ, 3 ಗಂಟೆ, 45 ನಿಮಿಷ. ಇದನ್ನು ಕೂಡಿಸಲು ಹೂ ಕಟ್ಟುವ ಪಟವು 2010ರ ಜನವರಿ 19, ಬೆಳಿಗ್ಗೆ 7 ಗಂಟೆ 35 ನಿಮಿಷಕ್ಕೆ ಬಂದು ನಿಂತಿತು.

ಈ ಫಲವೇ ನಮಗೂ ಬೇಕಾಗಿದ್ದಿತು. ಆದಕಾರಣವೇ ನಂಬಲು ಹಿಂಜರಿದೆವು. ನಡುವೆ ಬ್ಯಾಟರಿ ಪುನಃ ಬರಿದಾಗಿದ್ದರೆ ಪಾತ್ರೆಯೇ ಬೇರೆಯಾಗುತ್ತದೆ, ನ್ಯಾಯವು ಮುರಿಯುತ್ತದೆ. ಮರುದಿನ ಕಾಪುವಿನ ದೀಪಸ್ತಂಭದ ಬಳಿ ಎರಡು ಯಂತ್ರಗಳಲ್ಲಿಯೂ ತೆಗೆದ ಪಟಗಳನ್ನು ಹೋಲಿಸಿದೆವು. ಅಂತರವು ಅದೇ. ಸಂಶಯವು ಹರಿಯಿತು.

ಮುನ್ನೂರು ಪಟಗಳನ್ನು ಕೈಯಿಂದ ತಿದ್ದಬೇಕಾಗಿಲ್ಲ. ಫಿಲ್ ಹಾರ್ವೆ ಎಂಬವರು ರಚಿಸಿದ ಎಕ್ಸಿಫ್‌ಟೂಲ್ ಎಂಬ ಉಚಿತ ಸಾಧನಕ್ಕೆ ಅಂತರವನ್ನು ಒಮ್ಮೆ ಹೇಳಿದರೆ ಎಲ್ಲವನ್ನೂ ಸರಿಪಡಿಸುತ್ತದೆ. ಮೊದಲು ಫೈಲುಗಳ ನಕಲನ್ನು ಬೇರೆಡೆ ಇಡತಕ್ಕದ್ದು. ಬಳಿಕ ಒಳಗಿನ ತಾರೀಕನ್ನು ತಿದ್ದಿ, ಅದರಿಂದಲೇ ಹೊಸ ಹೆಸರನ್ನು ಕೊಡಿಸಬೇಕು. ಹೆಸರನ್ನಷ್ಟೇ ಬದಲಿಸಿದರೆ ಒಳಗಿನ ಸುಳ್ಳು ಹಾಗೆಯೇ ಉಳಿಯುತ್ತದೆ. ಹೆಸರಿನಲ್ಲಿ ವರ್ಷ, ತಿಂಗಳು, ದಿನ, ಗಂಟೆ ಈ ಕ್ರಮವಿರಲಿ. ಸಂಕಲ್ಪದಲ್ಲಿ ಸಂವತ್ಸರದಿಂದ ತಿಥಿಗೆ ಇಳಿಯುತ್ತೇವಷ್ಟೆ. ಹಾಗೆ ಬರೆದರೆ ಪಟಗಳು ತಾವಾಗಿಯೇ ಸಾಲುಗೂಡುತ್ತವೆ.

ತಿದ್ದಿದ ಪಟವನ್ನು ಅಳಿಯನಿಗೆ ಕಳುಹಿಸಿದೆವು. ಅಂದು ರಾತ್ರಿ ಫೋನಿನಲ್ಲಿ ಬಹಳ ಹೊತ್ತು ಅವನು ಮಾತಾಡಲಿಲ್ಲ. ಕೊನೆಗೆ, “ಹಾಗಾದರೆ ಕುಳಿತಿದ್ದೆ, ಮಾವ” ಎಂದನು.